ಹಳೇ ಪೇಪರಿನ ಹಡಗು

ಪಿರಿಯಾಪಟ್ಟಣದ ಬಜಾರಿನಲ್ಲಿ ಒಂದು ಸಂಜೆ ನಾನು ಹಿಂದಿನ ವರ್ಷದ ಪೇಪರನ್ನು ಅವತ್ತಿನದೆಂದು ಓದಿಬಿಟ್ಟೆ. ಇಪ್ಪತ್ತು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ಏನೇನಾಗಬಹುದೆಂದು ಆಗ ಹೆದರಿದ್ದೆನೋ! ಯಾರಾದರೂ ಪೇಪರು ಕಿತ್ತುಕೊಂಡು ತಾರೀಖು ನೋಡಬಹುದು. ಸುಳ್ಳು ಸುದ್ದಿ ಹಬ್ಬಿಸಿದನೆಂದು ಮೂಗರ್ಜಿ ಹೋಗಬಹುದು. ಸ್ಕೂಲ್ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದು ನನ್ನನ್ನು ಕೋಟೆ ತಾಲ್ಲೂಕಿನ ಕಾಡಿನೊಳಗಿನ ಯಾವುದೋ ಶಾಲೆಗೆ ಎತ್ತಿ ಹಾಕಬಹುದು. ಅಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಆನೆ— ಹೌದು, ಆನೆಯವರೆಗೂ ಯೋಚಿಸಿದ್ದೆ. ಹೊಸ ಅಗ್ರಹಾರದಲ್ಲಿ ನೋಡಿಟ್ಟಿದ್ದ ಹೆಣ್ಣಿನ ಕಡೆಯವರಿಗೆ ಗೊತ್ತಾಗಿ ಸಂಬಂಧ ತಪ್ಪಬಹುದು. ಇವು ಯಾವುವೂ ಆಗಲಿಲ್ಲ. ಆನೆ ಬರಲಿಲ್ಲ, ಹೆಣ್ಣು ಬಂದಳು. ಆದದ್ದು ಬೇರೆ. ಹೇಳಿಕೊಂಡರೆ ಜನ 'ಇಷ್ಟೇನಾ' ಅಂದಾರು, ಅಷ್ಟು ಸಣ್ಣದು.

ಅರವತ್ತರ ದಶಕದ ಕೊನೆ. ನನಗೆ ಇಪ್ಪತ್ತನಾಲ್ಕು, ಪ್ರೈಮರಿ ಶಾಲೆಯ ಮೇಷ್ಟ್ರು. ಸಂಜೆ ರಹಮತ್ ಸಾಬರ ಟೈಲರ್ ಅಂಗಡಿಯ ಜಗಲಿಯಲ್ಲಿ ಕೂತು ಪೇಪರ್ ಓದಿ ಹೇಳುವುದು ನನ್ನ ಎರಡನೇ ನೌಕರಿ. ಪೇಪರು ಮೈಸೂರಿನ ಬಸ್ಸಿನಲ್ಲಿ ಬರುತ್ತಿತ್ತು. ಬರುವ ಪ್ರತಿ ಒಂದೇ, ಓದುವ ಬಾಯಿ ಒಂದು, ಕೇಳುವವರು ಏಳೆಂಟು ಮಂದಿ. ಸಾಬರಿಗೂ ಮಗ ಇಸಾಕನಿಗೂ ಕನ್ನಡ ಮಾತು ನೀರು ಕುಡಿದಷ್ಟು ಸುಲಭ. ಅಕ್ಷರ ಮಾತ್ರ ಬಾರದು.

ಆ ವರ್ಷ ಸಾಬರು ಹಜ್ ಯಾತ್ರೆಗೆ ಹೊರಟರು. ಮುಂಬಯಿಯವರೆಗೆ ರೈಲು, ಅಲ್ಲಿಂದ ಹಡಗು. "ವಾಪಸ್ ಮುಂಬಯಿಗೆ ಬಂದೇಟ್ಗೆ ತಂತಿ ಕೊಡಿ ಅಬ್ಬಾ" ಎಂದು ಇಸಾಕ್ ಹೇಳಿದ್ದಕ್ಕೆ, ಸಾಬರು ನನ್ನ ಭುಜ ತಟ್ಟಿ ಹೇಳಿದರು: "ತಂತಿ ಯಾಕ್ಲಾ? ಹಡಗು ಬಂದ್ರೆ ಪೇಪರ್ನಾಗೆ ಬತ್ತದೆ. ಮೇಷ್ಟ್ರು ಓದ್ತಾರೆ ಬುಡು."

ಹಾಜಿಯಾಗಿ ಬಂದವರನ್ನು ಬೀದಿಗೆ ಬೀದಿಯೇ ಎದುರುಗೊಳ್ಳಬೇಕು. ಹಾರ ಹಾಕಿ, ತಬ್ಬಿಕೊಂಡು, ಕೈಯ ಗಂಟುಮೂಟೆ ಇಳಿಸಿಕೊಂಡು, ಮನೆಯವರೆಗೆ ನಡೆಸಿಕೊಂಡು ಬರಬೇಕು. ಅವರ ಕೈಯಲ್ಲಿ ಒಂದು ಚೀಲವನ್ನೂ ಹೊರಿಸಬಾರದು. ಅದು ನನಗೂ ಗೊತ್ತಿತ್ತು.

ಎರಡು ತಿಂಗಳ ಮೇಲೆ ಒಂದು ದಿನ ಬಸ್ಸು ಹುಣಸೂರಿನಲ್ಲೇ ಕೆಟ್ಟು ನಿಂತಿತು. ಪೇಪರಿಲ್ಲ. ಹೊಗೆಸೊಪ್ಪು ಬೆಳೆಯುವ ತಮ್ಮೇಗೌಡ— ಯಾರನ್ನೂ ಬಿಡದ ನಾಲಗೆ ಅವನದು— "ಪೇಪರ್ ಇಲ್ದಿದ್ರೆ ನಮ್ ಮೇಷ್ಟ್ರು ಬಾಯ್ಗೂ ರಜ ಕಣ್ರಪ್ಪಾ" ಅಂದ. ಎಲ್ಲರೂ ನಕ್ಕರು. ನನಗೆ ಚುರುಕ್ಕೆಂದಿತು. ನೀರು ಕುಡಿಯುವ ನೆಪದಲ್ಲಿ ಅಂಗಡಿಯೊಳಗೆ ಹೋದೆ. ಯಂತ್ರಕ್ಕೆ ಬಗ್ಗಿದ್ದ ಇಸಾಕನ ಬೆನ್ನ ಹಿಂದೆ, ಬಟ್ಟೆಯ ಅಳತೆ ಕತ್ತರಿಸಿಕೊಳ್ಳಲೆಂದು ತಂದಿಟ್ಟ ಹಳೇ ಪೇಪರಿನ ಕಟ್ಟಿನಿಂದ ಒಂದನ್ನೆಳೆದು ಅಂಗಿಯೊಳಗೆ ಸೇರಿಸಿ, ಬೀದಿಯ ತುದಿಯವರೆಗೆ ಹೋಗಿಬಂದೆ. ಲಾರಿಯವನೊಬ್ಬ ತಂದಿದ್ದ ಅಂದೆ. ಕೊನೆಗೆ "ಇದು ಹೋದ ವರ್ಷದ್ದು ಕಣ್ರಯ್ಯ" ಎಂದು ಎಲ್ಲರನ್ನೂ ಪೆದ್ದು ಮಾಡುವುದು— ಇಷ್ಟೇ ಉಪಾಯ.

ತಾರೀಖಿನ ಮೇಲೆ ಹೆಬ್ಬೆರಳಿಟ್ಟು ಓದಿದೆ. 'ಅಕ್ಕಿ ಅಭಾವ ಶೀಘ್ರದಲ್ಲೇ ನಿವಾರಣೆ: ಮಂತ್ರಿಗಳ ಭರವಸೆ.' "ಈಗ ದಾರಿಗ್ ಬಂದ್ರು ನೋಡು" ಅಂದರು ಒಬ್ಬರು. 'ಬಸ್ಸುಗಳು ವೇಳೆಗೆ ಸರಿಯಾಗಿ ಓಡತಕ್ಕದ್ದು: ಅಧಿಕಾರಿಗಳ ಎಚ್ಚರಿಕೆ.' ಎಲ್ಲರೂ ಹುಣಸೂರಿನ ದಿಕ್ಕಿಗೆ ನೋಡಿದರು. 'ಬಾಳೆತೋಟಕ್ಕೆ ಒಂಟಿಸಲಗ, ಗ್ರಾಮಸ್ಥರಲ್ಲಿ ಭೀತಿ.' "ಆ ಸಲಗನ ಮೊನ್ನೆ ನಾನೇ ಕಂಡಿವ್ನಿ ಕಣ್ಲಾ!" ಅಂದ ತಮ್ಮೇಗೌಡ. ವರ್ಷದ ಹಿಂದಿನ ದೇಶ ಒಂದು ಗಳಿಗೆಯೂ ಹಳತಾಗಿರಲಿಲ್ಲ. ಒಳಗೊಳಗೇ ಎಷ್ಟು ನಗುತ್ತಿದ್ದೆನೆಂದರೆ ಕಣ್ಣಿಗಿಂತ ಬಾಯಿ ಮುಂದಾಯಿತು.

'ಹಜ್ ಯಾತ್ರಿಕರ ಹಡಗು ಮುಂಬಯಿಗೆ—'

ಒಳಗೆ ಹೊಲಿಗೆ ಯಂತ್ರ ನಿಂತಿತು. ಇಸಾಕ್ ಹೊರಗೆ ಬಂದ. "ಇನ್ನೊಂದ್ಸಲ ಓದಿ ಮೇಷ್ಟ್ರೇ."

ಓದಿದೆ. ಓದದೆ ಏನು ಮಾಡಲಿ— ಇಲ್ಲ, ಮಾಡಬಹುದಿತ್ತು. ಆದರೆ ಅವನ ಕಣ್ಣಲ್ಲಿ ನೀರು ಬಂದಿತ್ತು. "ಅಮ್ಮೀ!" ಎಂದು ಕೂಗುತ್ತ ಮನೆಗೆ ಓಡಿದ. ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಹೋದ ವರ್ಷದ್ದೆಂದು ಹೇಳಬೇಕಿದ್ದ ಪೇಪರನ್ನು ಮಡಿಸಿ ಮತ್ತೆ ಅಂಗಿಯೊಳಗೆ ಸೇರಿಸಿದೆ.

ಮರುದಿನ ಅವನು ನನ್ನನ್ನೂ ಮೈಸೂರಿನ ಸ್ಟೇಷನ್ನಿಗೆ ಎಳೆದುಕೊಂಡು ಹೋದ. "ಸುದ್ದಿ ಕೊಟ್ಟೋರು ನೀವು, ಮೊದ್ಲ ಹಾರ ನಿಮ್ದೇಯ." ಹಾರದ ಬುಟ್ಟಿ ನನ್ನ ತೊಡೆಯ ಮೇಲೆ. ಬರುವುದಿಲ್ಲವೆಂದು ಗೊತ್ತಿದ್ದ ಮನುಷ್ಯನಿಗಾಗಿ ಎರಡು ದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಒಂದೊಂದು ರೈಲು ಬಂದಾಗಲೂ ಕತ್ತು ಚಾಚಿ ಹುಡುಕಿದೆ. ಮೊದಲ ದಿನ ಅದು ನಟನೆ. ಎರಡನೇ ದಿನ ನಿಜವಾಗಿಯೂ ಹುಡುಕುತ್ತಿದ್ದೆ— ಹೇಗಾದರೂ ಬಂದುಬಿಡಲಿ, ನನ್ನ ಸುಳ್ಳು ನಿಜವಾಗಲಿ ಎಂದು. ಗುಲಾಬಿ ಕಪ್ಪಾಯಿತು. ವಾಪಸ್ ಬಸ್ಸಿನಲ್ಲಿ ಇಸಾಕ್ ನನ್ನನ್ನೇ ಸಮಾಧಾನ ಮಾಡಿದ: "ನೀವ್ಯಾಕ್ ಮೊಖ ಸಣ್ಣಗ್ ಮಾಡ್ಕೋತೀರಿ? ಪೇಪರ್ನೋರು ಸುಳ್ ಬರುದ್ರೆ ನೀವೇನ್ ಮಾಡೀರಿ."

ಆ ಮಾತಿನ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ನಾಳೆ ಹೇಳೋಣ, ಭಾನುವಾರ ಹೇಳೋಣ—

ಹದಿನೈದು ದಿನದ ಮೇಲೆ ನಿಜವಾದ ಸುದ್ದಿ ಬಂತು. ಹೆಚ್ಚುಕಡಿಮೆ ಅದೇ ಶೀರ್ಷಿಕೆ, ಅದೇ ಎರಡು ಸಾಲು. ಗಟ್ಟಿಯಾಗಿ ಓದಿದೆ. ತಮ್ಮೇಗೌಡ ಕೇಳಿದ: "ಹಾರಕ್ಕೆ ಹೂ ಕುಯ್ಯಾಕೆ ಯೋಳ್ಲಾ ಮೇಷ್ಟ್ರೇ? ಇಲ್ಲಾ ಮೈಸೂರ್ ಸುತ್ಕೊಂಡ್ ಬರೋ ಆಸೆಯಾ?" ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಇಸಾಕ್ ಯಂತ್ರದಿಂದ ತಲೆ ಎತ್ತಲಿಲ್ಲ. "ಬುಡಿ ಮೇಷ್ಟ್ರೇ. ಅಬ್ಬಾ ಬಂದಾಗ ಬತ್ತಾರೆ."

ಒಂದೇ ವಾಕ್ಯ ಸಾಕಾಗಿತ್ತು. 'ಅದು ಹಳೇ ಪೇಪರು, ತಪ್ಪು ನನ್ನದು, ಇದು ನಿಜ, ಹೋಗು.' ಅಷ್ಟನ್ನು ಹೇಳಲೆಂದು ಬಾಯಿ ತೆರೆದೆ. ತೆರೆದ ಬಾಯಲ್ಲಿ, ಎಲ್ಲರ ಜೊತೆ ನಕ್ಕೆ.

ಸಾಬರು ತೀರಿಕೊಂಡು ಈಗ ಹತ್ತು ವರ್ಷ. ನನ್ನನ್ನು ಅವರು ಯಾವತ್ತೂ ಏನೂ ಕೇಳಲಿಲ್ಲ. ಕೇಳಿದ್ದರೆ— ಗೊತ್ತಿಲ್ಲ, ಆಗಲೂ ಸುಳ್ಳೇ ಹೇಳುತ್ತಿದ್ದೆನೋ ಏನೋ. ಇಸಾಕನ ಅಂಗಡಿ ಅಲ್ಲೇ ಇದೆ; ಅವನಿಗೆ ಈಗಲೂ ನಾನೇ ಪೇಪರ್ ಓದಿ ಹೇಳುತ್ತೇನೆ. ಇದು ಅಚ್ಚಾದರೆ ಇದನ್ನೂ ನಾನೇ ಓದಬೇಕು. ಓದುತ್ತೇನೆ. ಇಲ್ಲಿಯವರೆಗೆ ಹೇಗೋ ಓದಿಬಿಡಬಹುದು. ಮುಂದಿನದನ್ನು ಅವನು ನನ್ನ ಬಾಯಿಂದಲೇ ಮೊದಲ ಸಲ ಕೇಳಬೇಕು.

ಇಸಾಕ್, ಅದಾಗಿ ಮೂರನೇ ದಿನ ನಾನು ಪೇಪರಿಗೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸು ಬಂತು. ಪೇಪರನ್ನು ನನ್ನ ಕೈಗೆ ಕೊಟ್ಟ ಕಂಡಕ್ಟರನ ಹಿಂದೆಯೇ ನಿಮ್ಮ ಅಬ್ಬಾ ಇಳಿದರು. ಬಿಸಿಲಿಗೆ ಕರ್ರಗಾದ ಮುಖ, ಒಂದು ಟ್ರಂಕು, ಹಜ್‌ನಿಂದ ತಂದ ಪವಿತ್ರ ಜಮ್‌ಜಮ್ ನೀರಿನ ಡಬ್ಬ. ಕಂಡಕ್ಟರು ಟ್ರಂಕಿಗೆ ಕೈ ಹಾಕಿದಾಗ, "ನೀ ಬುಡಪ್ಪಾ, ನಮ್ಮೋರು ಬಂದಿರ್ತಾರೆ" ಅಂದರು. ಟೋಪಿ ಸರಿಮಾಡಿಕೊಂಡು, ಗಡ್ಡ ನೀವಿಕೊಂಡು, ಎದೆ ಮುಂದೆ ಮಾಡಿ ನಿಂತರು. ಬಸ್ಸು ಹೋಯಿತು. ಧೂಳು ಇಳಿಯಿತು. ಅವರು ಆ ಕಡೆ ಈ ಕಡೆ ನೋಡಿದರು.

ನನಗೂ ಅವರಿಗೂ ನಡುವೆ ಹತ್ತು ಹೆಜ್ಜೆ ಇರಲಿಲ್ಲ. ನಾನು ಪೇಪರನ್ನು ಅಗಲಕ್ಕೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದೆ. ಅದರ ಅಂಚಿನ ಕೆಳಗೆ ಅವರ ಕಾಲುಗಳು ಕಾಣುತ್ತಿದ್ದವು. ಬಹಳ ಹೊತ್ತು ಅವು ಅಲುಗಲಿಲ್ಲ. ಆಮೇಲೆ ಟ್ರಂಕು ನೆಲದಿಂದ ಮೇಲೆದ್ದ ಸದ್ದಾಯಿತು. ಪೇಪರು ಇಳಿಸಿ ನೋಡಿದಾಗ, ಅದನ್ನು ತಮ್ಮ ತಲೆಯ ಮೇಲೆ ತಾವೇ ಹೊತ್ತುಕೊಂಡು ರಹಮತ್ ಸಾಬರು ಒಬ್ಬರೇ ಬಜಾರಿನ ಕಡೆಗೆ ನಡೆಯುತ್ತಿದ್ದರು.