ಇಬ್ಬರು ಗಂಡಾಳು

ಬಂಡೆಮ್ಮ ತೋಡಿದ ಪಾಯದ ಮೇಲೆ ಹೈದರಾಬಾದಿನಲ್ಲಿ ಎಷ್ಟು ಮನೆಗಳು ನಿಂತಿವೆಯೋ ಅವಳಿಗೇ ನೆನಪಿಲ್ಲ. ಯಾದಗಿರಿ ಕಡೆಯಿಂದ ಗಂಡ ತಾಯಪ್ಪನ ಜೊತೆ ಕೂಕಟ್‌ಪಲ್ಲಿಗೆ ಬಂದಾಗ ಅವಳ ಪಾಲಿಗೆ ಸಿಕ್ಕಿದ್ದು ಮಣ್ಣಿನ ಬುಟ್ಟಿ. ಗಂಡಸರು ತೋಡಬೇಕು, ಹೆಂಗಸರು ಹೊರಬೇಕು. ಕೂಲಿಯೂ ಅದಕ್ಕೆ ತಕ್ಕಂತೆ ಅವರಿಗೆ ಹೆಚ್ಚು, ಇವರಿಗೆ ಕಡಿಮೆ. ಹದಿನೈದು ವರ್ಷದ ಹಿಂದೆ ತಾಯಪ್ಪ ಬೆನ್ನು ಉಳುಕಿ ಹಾಸಿಗೆ ಹಿಡಿದ. ಮರುದಿನವೇ ಅವನ ಹಾರೆ ಹಿಡಿದು ಬಂಡೆಮ್ಮ ಗುಂಡಿಗಿಳಿದಳು. ಕೆಲಸಕ್ಕೆ ಬಂದಿದ್ದ ಗಂಡಸರು ಬಿದ್ದು ಬಿದ್ದು ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಯಿತು? ಸಂಜೆಯೊಳಗೆ ಗುಂಡಿ ಮುಗಿದಿತ್ತು. ಕೂಲಿ ಮಾತ್ರ ಅಂದಿನಿಂದ ಇಂದಿನವರೆಗೂ ಬುಟ್ಟಿ ಹೊರುವವಳದ್ದೇ.

ಈಗ ಅವಳಿಗೆ ಕೆಲಸ ಕೊಡುವ ಗುತ್ತಿಗೆದಾರ ಕಾಶಿನಾಥ, ಅವಳ ಊರಿನ ಕಡೆಯವನೇ. ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುತ್ತಾನೆ. ಕೈ ಮಾತ್ರ ಬಲು ಬಿಗಿ. ಅವತ್ತು ಅವನು ಬಂಡೆಮ್ಮನನ್ನು ಕಾಚಿಗೂಡದ ಒಂದು ಹಳೆಯ ಮನೆಗೆ ಕರೆದೊಯ್ದ. ಮನೆಯ ಒಡತಿ ಮಂದಾಕಿನಿಯೂ ಕನ್ನಡದವರೇ, ಸರ್ಕಾರಿ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು. ಪಕ್ಕದ ಜಾಗದಲ್ಲಿ ಕಾರಿಗೊಂದು ಗ್ಯಾರೇಜು ಕಟ್ಟಿಸಬೇಕೆಂದಿದ್ದರು. ಪಾಯದ ಖರ್ಚನ್ನು ಕಾಶಿನಾಥ ಬರೆದುಕೊಟ್ಟು ಮೂರು ದಿನವಾಗಿತ್ತು. ಸಿಮೆಂಟು, ಕಬ್ಬಿಣದ ದರವನ್ನು ಅವರು ಎರಡು ಅಂಗಡಿಗಳಲ್ಲಿ ವಿಚಾರಿಸಿ ಒಪ್ಪಿದ್ದರು. ಕೂಲಿಯ ಸಾಲಿನ ಮೇಲೆ ಮಾತ್ರ ಅವರಿಗೆ ಅನುಮಾನ.

ಬಂಡೆಮ್ಮ ಮೂಲೆಯಲ್ಲಿ ಒಂದು ಗುಂಡಿ ತೋಡಿ ನೋಡಿದಳು. ಎರಡು ಅಡಿ ಮಣ್ಣು, ಅದರ ಕೆಳಗೆ ಕಲ್ಲಿನಂಥ ಗರಸು. ಮಂದಾಕಿನಿ ಕಾಗದ ಹಿಡಿದು ಹತ್ತಿರ ಬಂದರು.

"ನೀನು ಕನ್ನಡದಾಕಿ ಇದ್ದಿ, ಖರೇ ಹೇಳವ್ವ. ಆರು ಗುಂಡಿ, ನಾಲ್ಕು ಫೂಟು ಆಳ. ತೋಡಲಿಕ್ಕೆ ಇಬ್ಬರು ಗಂಡಾಳು, ಮೂರು ದಿನ, ದಿನಕ್ಕ ಒಬ್ಬೊಬ್ಬರಿಗೆ ಹನ್ನೊಂದು ನೂರು. ಇದು ಬರೋಬ್ಬರಿ ಅದ ಏನು?"

ಬಂಡೆಮ್ಮ ಗರಸನ್ನು ಇನ್ನೊಮ್ಮೆ ನೋಡಿದಳು. "ಬರೋಬ್ಬರಿ ಐತ್ರಿ ಅಮ್ಮಾರ. ಈ ನೆಲಕ್ಕ ಅಷ್ಟು ಬೇಕೇ ಬೇಕು."

ಕಾಶಿನಾಥನ ಮುಖ ಅರಳಿತು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಅವತ್ತಿನ ದಿನ ತಣ್ಣಗೆ ಕಳೆಯುತ್ತಿತ್ತು. ಆದರೆ ಹನ್ನೊಂದು ನೂರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬಂಡೆಮ್ಮ ಹಾರೆಯನ್ನು ನೆಲಕ್ಕೆ ಊರಿ ನಿಂತಳು.

"ಆದ್ರ ಗಂಡಾಳು ಯಾರೂ ಬರಂಗಿಲ್ರಿ. ತೋಡೋರು ನಾನು, ನಮ್ಮ ಸೊಸಿ ಭಾಗ್ಯಶ್ರೀ. ನಮಗ ಇವ ಕೊಡೋದು ಏಳುನೂರು."

"ಅಕ್ಕಾ, ಏನು ಮಾತಾಡಾಕತ್ತಿ?" ಎಂದು ಕಾಶಿನಾಥ ಹಲ್ಲು ಕಚ್ಚಿದ.

ಮಂದಾಕಿನಿಯವರಿಗೆ ಖುಷಿಯೋ ಖುಷಿ. ಮೂವತ್ತು ವರ್ಷ ಮಂದಿಯ ಲೆಕ್ಕದಲ್ಲಿ ತಪ್ಪು ಹುಡುಕಿದವರು ಪೆನ್ನು ತೆಗೆದೇಬಿಟ್ಟರು. "ಭಾಳ ಛಲೋ ಹೇಳಿದಿ ನೋಡು! ಹಂಗಾದ್ರ ಗಂಡಾಳಿನ ದರ ಯಾಕ? ಏಳುನೂರೇ ಹಾಕ್ತೀನಿ."

ಬಂಡೆಮ್ಮ ಅವರ ಮುಖವನ್ನೇ ನೋಡಿದಳು. ಅವಳ ರೊಕ್ಕ ಕಾಶಿನಾಥನ ಜೇಬಿನಿಂದ ಹೊರಬಂದು ನೇರವಾಗಿ ಈ ಅಮ್ಮನ ಪರ್ಸಿಗೆ ಹೋಗುತ್ತಿತ್ತು. ನ್ಯಾಯ ಅಂದರೆ ಇದೇನಾ?

"ಅಮ್ಮಾರ, ಗುಂಡಿ ನಾಲ್ಕು ಫೂಟು ಅಂದ್ರಿ. ನಾ ತೋಡಿದ್ರ ಮೂರೇ ಫೂಟಿಗೆ ಬಿಡ್ತೀರೇನು? ನಿಮಗ ಪೂರಾ ನಾಲ್ಕು ಬೇಕಂದ್ರ ನನಗೂ ಪೂರಾ ಕೂಲಿ ಬೇಕ್ರಿ."

"ನಾಳಿಂದ ನೀ ಕೆಲಸಕ್ಕ ಬರಬ್ಯಾಡ" ಎಂದು ಕಾಶಿನಾಥ ಗುಡುಗಿದ.

"ಬರಂಗಿಲ್ಲ ಹೋಗೋ ತಮ್ಮಾ! ಇಬ್ಬರು ಗಂಡಸರನ್ನ ಕರಕೊಂಡು ಬಾ. ಅವರಿಗೆ ಹನ್ನೊಂದು ನೂರು ಎಣಿಸಿಕೊಡು, ಆಗ ನಿನಗೇನು ಉಳೀತೈತಿ ನೋಡೋಣ. ಅಮ್ಮಾರ, ಏಳುನೂರಕ್ಕ ಈ ಗರಸು ತೋಡೋ ಗಂಡಸು ಸಿಕ್ರ ನೀವೂ ಕರಕೊಂಡು ಬರ್ರಿ."

ಇಬ್ಬರು ಹೆಂಗಸರ ಬೆನ್ನ ಮೇಲೆ ಕಾಶಿನಾಥ ದಿನಕ್ಕೆ ಎಂಟುನೂರು ಉಳಿಸಿಕೊಳ್ಳಲಿದ್ದ; ಗಂಡಸರು ಬಂದರೆ ಅದರಲ್ಲಿ ಒಂದು ಪೈಸೆಯೂ ಉಳಿಯದು. ಮಂದಾಕಿನಿಯವರ ಮುಖ ಕೆಂಪಾಗಿತ್ತು. ಕೊನೆಗೆ ಅವರು 'ಇಬ್ಬರು ಗಂಡಾಳು' ಎಂಬುದನ್ನು ಹೊಡೆದು ಹಾಕಿ, ಪೆನ್ನು ಹಿಡಿದು ನಿಂತರು.

"ಇಲ್ಲಿ ಏನಂತ ಬರೀಲಿ?"

"ಬಂಡೆಮ್ಮ, ಭಾಗ್ಯಶ್ರೀ ಅಂತ ಬರೀರಿ" ಎಂದಳು ಬಂಡೆಮ್ಮ. "ಮುಂದ ಹನ್ನೊಂದು ನೂರು ಹಂಗೇ ಇರ್ಲಿ."