ಬಲಹೆಗಲ ಸೆರಗಿನ ಗೊಂಬೆ

ಅಂಗಡಿಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಮೊನ್ನೆ ಒಮ್ಮೆ ಚಾಲೂ ಮಾಡಿದೆ. ಬಿಸಿಯಾಗುತ್ತಿದ್ದಂತೆ ಒಳಗಿನ ಧೂಳು ಸುಟ್ಟ ವಾಸನೆ ಬಂತು. ಅದೇ ವಾಸನೆಗೆ ಮೂಗಿಗೆ ಸೆರಗು ಹಿಡಿದು, ಆದರೂ ಕುರ್ಚಿ ಬಿಟ್ಟು ಏಳದೆ ಕೂತಿರುತ್ತಿದ್ದ ಒಬ್ಬರು ನೆನಪಾದರು... ಹಂಪಸಾಗರದ ಕಡೆಯ ಅಂಗನವಾಡಿ ಟೀಚರ್.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಒಂದೇ ಹಿನ್ನೆಲೆ, ಬಣ್ಣ ಮಾತ್ರ ಬೇರೆ. ನಡುನಡುವೆ ಮದುವೆ ವಿಡಿಯೊಗಳಿಗೆ ಕುಣಿಯುವ ಕಾರ್ಟೂನ್ ಮಾಡಿಕೊಡುತ್ತಿದ್ದೆ. ಅದನ್ನು ಯಾರದೋ ಮೊಬೈಲಿನಲ್ಲಿ ನೋಡಿ ಅವರು ಹುಡುಕಿಕೊಂಡು ಬಂದಿದ್ದರು. ಗಂಟಲಲ್ಲಿ ಗಡ್ಡೆ. ದಾವಣಗೆರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ದನಿ ಉಳಿಯುತ್ತದೆಂದು ಹೇಳಲಾಗದು ಎಂದಿದ್ದರಂತೆ ಡಾಕ್ಟರು.

“ಮಕ್ಕಳು ನನ್ನ ದನಿ ಕೇಳಿದ್ರನ ಉಣ್ಣಾಕ ಕುಂದ್ರತಾವ್ರಿ. ಒಂದು ಗೊಂಬಿ ಮಾಡ್ರಿ, ನನ್ನ ಹಾಡು ಅದು ಹೇಳ್ಲಿ. ಲಗೂನ ಆಗಬೇಕು ನೋಡ್ರಿ.”

ಇದೊಳ್ಳೆ ಪೀಕಲಾಟ ಅನ್ನಿಸಿತು. ಕಾರ್ಟೂನೆಂದರೆ ಚಿತ್ರದ ಮೇಲೆ ಚಿತ್ರ ಬರೆಯುತ್ತಾ ಕೂರಬೇಕು ಎಂದು ಜನ ತಿಳಿದಿರುತ್ತಾರೆ. ಅಷ್ಟು ತಾಳ್ಮೆ ನಮ್ಮ ವಂಶದಲ್ಲೇ ಇಲ್ಲ. ಅಡ್ಡದಾರಿಗಳಿವೆ. ಗೊಂಬೆಯನ್ನು ಒಮ್ಮೆ ಬರೆದು ತಲೆ, ತೋಳು, ಮುಂಗೈ, ಕಾಲು ಎಂದು ಬಿಡಿಬಿಡಿಯಾಗಿ ಕತ್ತರಿಸಬೇಕು. ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ಕೀಲು ಕೊಡಬೇಕು. ಕೈ ಕೆಳಗಿರುವ ಭಂಗಿ ಒಂದು, ಮೇಲೆತ್ತಿದ ಭಂಗಿ ಒಂದು ತೋರಿಸಿದರೆ ನಡುವಿನದನ್ನೆಲ್ಲ ಸಾಫ್ಟ್‌ವೇರ್ ತಾನೇ ತುಂಬಿಕೊಳ್ಳುತ್ತದೆ. ಬಾಯಿಗೆ ಮೂರು ಚಿತ್ರ ಸಾಕು: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ದನಿ ಜೋಡಿಸಿದರೆ ಅದರ ಏರಿಳಿತಕ್ಕೆ ತಕ್ಕಂತೆ ಬಾಯಿ ಬದಲಾಗುತ್ತದೆ. ಎಡಕ್ಕೆ ನಡೆಯುವ ಗೊಂಬೆ ಬಲಕ್ಕೆ ತಿರುಗಬೇಕೆ? ಮತ್ತೆ ಯಾರು ಬರೆಯುತ್ತಾರೆ, ಕನ್ನಡಿಯಲ್ಲಿ ಕಂಡಂತೆ ಮಗುಚಿದರೆ ಆಯಿತು.

ಗೊಂಬೆ ತಮ್ಮ ಅವ್ವನ ಹಾಗಿರಲಿ ಎಂದು ಟೀಚರ್ ಕೇಳಿದರು. ಹಣೆತುಂಬ ಕುಂಕುಮ, ಬಲಹೆಗಲ ಮೇಲೆ ಸೆರಗು ಬರೆದೆ. ನಮ್ಮ ಕಡೆ ಹಳೆಯ ಹೆಂಗಸರು ಹಾಗೆಯೇ ಹೊದೆಯುವುದು. ನಾನು ತೋರಿಸಿಕೊಟ್ಟಂತೆ ಕೀಲುಗಳನ್ನು ಟೀಚರೇ ಕೂಡಿಸಿದರು. ಮೊದಲ ಸಲ ಮೊಣಕೈ ಹಿಂದಕ್ಕೆ ಮಡಚಿಕೊಂಡಾಗ “ಅಯ್ಯ ಯವ್ವಾ, ಮುರೀತಲ್ರಿ!” ಎಂದು ತಮ್ಮದೇ ಮೊಣಕೈ ಹಿಡಿದುಕೊಂಡರು. ಆಮೇಲೆ ಮೈಕಿನ ಮುಂದೆ ಕೂತು ಹಾಡಿದರು. ‘ಬರ್ರಿ ಬರ್ರಿ ಬಂಗಾರ, ಕೈ ತೊಳಕೊಂಡು ಕುಂದ್ರರಿ...’

ಮುಗಿದ ಮೇಲೆ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋಗಿ ಅಂಗನವಾಡಿಯಲ್ಲಿ ತೋರಿಸಿದೆ. ಮಕ್ಕಳ ಹಿಂದೆ ಅಜ್ಜಿಯರೂ ನಿಂತಿದ್ದರು. ಗೊಂಬೆ ಹಾಡುತ್ತಾ ಎಡಕ್ಕೆ ಹೋಯಿತು, ತಿರುಗಿ ಬಂತು. ಒಬ್ಬ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಹೋಗಾಗ ನಮ್ಮಂಗ ಇದ್ಲು, ಬರಾಗ ಟೀಚರ್ ಆಗ್ಯಾಳ ನೋಡ್ರಲೇ!”

ಮಗುಚಿದಾಗ ಸೆರಗು ಎಡಹೆಗಲಿಗೆ ಬಂದಿತ್ತು, ಟೀಚರ್ ಉಡುತ್ತಿದ್ದ ಹಾಗೆ. ಇಬ್ಬರಿಗೂ ಅದು ಹೊಳೆದಿರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರಿಮಾಡಿಕೊಡುತ್ತೇನೆ ಎಂದೆ. ಟೀಚರ್ ನಗು ತಡೆದುಕೊಂಡು, “ಇರ್ಲಿ ಬಿಡ್ರಿ. ಹೋಗಾಗ ನಮ್ಮವ್ವ, ಬರಾಗ ನಾನು” ಎಂದರು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಹಂಪಸಾಗರಕ್ಕೆ ಬ್ಯಾನರ್ ಕಟ್ಟಲು ಹೋದಾಗ ಒಮ್ಮೆ ಅಂಗನವಾಡಿಯೊಳಗೆ ಇಣುಕಿದ್ದೆ. ಮೊಬೈಲಿನಲ್ಲಿ ಗೊಂಬೆ ಹಾಡುತ್ತಿತ್ತು, ಮಕ್ಕಳು ಕೈ ತೊಳೆದುಕೊಂಡು ಸಾಲಾಗಿ ಕೂರುತ್ತಿದ್ದವು. ಟೀಚರ್ ಪಕ್ಕದಲ್ಲಿ ನಿಂತು ಗೊಂಬೆಯ ಜೊತೆಗೇ ಕೈ ಆಡಿಸುತ್ತಿದ್ದರು.

ಗಡ್ಡೆ ಮತ್ತೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಅವರ ಅಣ್ಣ ಅಂಗಡಿಗೆ ಬಂದು ಶ್ರದ್ಧಾಂಜಲಿ ಬ್ಯಾನರಿಗೆಂದು ಫೋಟೊ ಕೊಟ್ಟಾಗಲೇ ಸುದ್ದಿ ತಿಳಿದದ್ದು. ಬಹಳ ಬೇಜಾರಾಯಿತು. ಯಾವಾಗಲೂ ಹಾಕುವ ಹಿನ್ನೆಲೆ ಹಾಕದೆ, ಹೊಸದೊಂದು ಮಾಡಿ ಅಚ್ಚು ಹಾಕಿಕೊಟ್ಟೆ.

ಮೊನ್ನೆ ಆ ಕಂಪ್ಯೂಟರಿನಲ್ಲಿ ಗೊಂಬೆಯ ವಿಡಿಯೊದ ಮೊದಲ ಪ್ರತಿ ಸಿಕ್ಕಿತು, ಹಾಡಿನ ಆಚೀಚೆಯ ಮಾತನ್ನು ಇನ್ನೂ ಕತ್ತರಿಸದೇ ಇದ್ದದ್ದು. ಹಾಡು ಮುಗಿದ ಮೇಲೂ ದನಿ ಉಳಿದಿತ್ತು. ಗೊಂಬೆ ನನ್ನತ್ತ ಮುಖಮಾಡಿ ನಿಂತು ಕೇಳಿತು, “ಸಾಕೇನ್ರಿ? ಇನ್ನೊಮ್ಮೆ ಹೇಳ್ಲೇನ್ರಿ?”

ಅದರ ಹಿಂದೆಯೇ ನನ್ನ ದನಿ, “ಸಾಕ್ರಿ ಟೀಚರ್.”

ದನಿ ಯಾರದೆಂದು ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ಆ ಮಾತಿಗೂ ಗೊಂಬೆಯೇ ಬಾಯಾಡಿಸಿತು.