ಓರ್ಫಾ ಚಿಕ್ಕಮ್ಮ ಹೇಳಿಸಿದ ‘ಏನೂ ಕೊರತೆಯಿಲ್ಲ’

ನಮ್ಮ ಪಾಲಿ ಹಳ್ಳದಲ್ಲಿ ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿ ನೋಡಿ. ಕಾಲು ಮುರಿದುಕೊಂಡು ಮಲಗಿದವನೂ ‘ದೂರೋವಂಥದ್ದೇನಿಲ್ಲ’ ಎನ್ನುತ್ತಾನೆ. ಕಲ್ಲಿದ್ದಲಿನ ಗಣಿ ಮುಚ್ಚಿದ ದಿನವೂ ನಮ್ಮವರು ಅದನ್ನೇ ಅಂದರು. ಕೆಂಟಕಿಯ ಈ ಬೆಟ್ಟಗಳಲ್ಲಿ ಹೊರಗಿನವರ ಎದುರು ಕಷ್ಟ ಹೇಳಿಕೊಂಡರೆ ಮಾನ ಹೋದಂತೆ. ಈ ಹಾಳು ಬಿಗುಮಾನದಲ್ಲಿ ಊರಿಗೇ ಮುಂದಿದ್ದವಳು ನನ್ನ ತಾಯಿಯ ತಂಗಿ, ಓರ್ಫಾ ಚಿಕ್ಕಮ್ಮ.

ಗಂಡ ಗಣಿಯ ದೂಳು ನುಂಗಿ ನುಂಗಿ ಸತ್ತ. ಚಿಕ್ಕಮ್ಮ ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ ಸುಟ್ಟು ಊರಿನ ಮಕ್ಕಳನ್ನೆಲ್ಲ ಬೆಳೆಸಿದಳು. ನಾನು ಅದೇ ಶಾಲೆಯ ಬಸ್ಸಿನ ಡ್ರೈವರ್. ಕೆಲಸ ಬಿಟ್ಟ ಮೇಲೆ ಅವಳ ಕೈಗೆ ಬಂದದ್ದು ಚರ್ಚಿನ ಪ್ರಾರ್ಥನೆಯ ಸರಪಳಿ. ಯಾರಿಗಾದರೂ ಕಾಯಿಲೆಯಾದರೆ ಅವಳು ಇಬ್ಬರಿಗೆ ಫೋನ್ ಮಾಡುವಳು, ಆ ಇಬ್ಬರು ಮತ್ತಿಬ್ಬರಿಗೆ. ಒಲೆಯ ಮೇಲಿನ ಕಾಫಿ ಕುದಿಯುವುದರೊಳಗೆ ಇಡೀ ಕಣಿವೆ ಪ್ರಾರ್ಥಿಸುತ್ತಿತ್ತು.

ನರ್ಸ್ ಕೊರಿನ್ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದದ್ದು ಓದಿನ ಸಾಲಕ್ಕಾಗಿ. ನರ್ಸುಗಳು ಕಾಲಿಡದ ಊರಲ್ಲಿ ದುಡಿದರೆ ಸರ್ಕಾರ ಆ ಸಾಲವನ್ನು ವರ್ಷವರ್ಷವೂ ಅಷ್ಟಷ್ಟು ತೀರಿಸುತ್ತದೆ. ಅವಳು ಅದನ್ನು ಮುಚ್ಚಿಡಲಿಲ್ಲ.

“ಸಾಲ ತೀರಿದ್ ದಿನವೇ ಗಂಟುಮೂಟೆ ಕಟ್ತಾಳೆ, ನೋಡ್ತಿರು ಡೆಲ್ಮರ್,” ಎಂದು ಚಿಕ್ಕಮ್ಮ ಮೂಗು ಮುರಿದಳು.

ಆದರೆ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ, ಪಾದದಲ್ಲಿ ವಾಸಿಯಾಗದ ಹುಣ್ಣು. ಕೊರಿನ್ ವಾರವಾರವೂ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು ಕಟ್ಟುತ್ತಿದ್ದಳು. ಹೆತ್ತ ಮಗಳೂ ಮೂಗು ಮುಚ್ಚಿಕೊಳ್ಳುವಂಥ ಹುಣ್ಣು ಅದು. ಚಿಕ್ಕಮ್ಮ ಕರಗಿಹೋದಳು. ಹಳ್ಳದ ಪಕ್ಕ ಖಾಲಿ ಬಿದ್ದ ಮನೆಯೊಂದನ್ನು ಕೊರಿನ್ ಆಗಾಗ ನೋಡಿಬರುತ್ತಾಳೆಂದು ಗೊತ್ತಾದಾಗಲಂತೂ ಅದರ ಕಿಟಕಿಗಳಿಗೆ ತಾನೇ ಪರದೆ ಹೊಲಿಯತೊಡಗಿದಳು.

ಆಗ ಬಂದವು ಆ ಫೋನುಗಳು. ರಾಜಧಾನಿಯ ಯಾವುದೋ ಕಚೇರಿಯ ಹುಡುಗಿಯೊಬ್ಬಳು ಮನೆಮನೆಗೂ ಫೋನ್ ಮಾಡಿ ಕೇಳುತ್ತಿದ್ದಳು: ಚಿಕಿತ್ಸೆ ಹೊತ್ತಿಗೆ ಸರಿಯಾಗಿ ಸಿಗುತ್ತಾ, ದೂರ ಹೋಗಬೇಕಾ, ಔಷಧಿ ಬಿಟ್ಟದ್ದುಂಟಾ? ಚಿಕ್ಕಮ್ಮ ತನಗೆ ತೋಚಿದಂತೆ ಅರ್ಥಮಾಡಿಕೊಂಡಳು. ಇದು ಕೊರಿನ್ ಕೆಲಸದ ಮೇಲಿನ ತನಿಖೆ, ಯಾರಾದರೂ ಒಂದು ಕೊರತೆ ಹೇಳಿದರೆ ಹುಡುಗಿಯ ಅನ್ನಕ್ಕೆ ಕಲ್ಲು!

ಸರಪಳಿ ಓಡಿತು. “ಕೊರಿನ್‌ಗೋಸ್ಕರ ಪ್ರಾರ್ಥನೆ ಮಾಡಿ. ಫೋನ್ ಬಂದ್ರೆ ನಮಗೇನೂ ಕೊರತೆಯಿಲ್ಲ, ಎಲ್ಲಾ ಇಲ್ಲೇ ಸಿಗುತ್ತೆ ಅನ್ನಿ. ಒಬ್ರೂ ಬಾಯಿ ತಪ್ಪಬೇಡಿ, ಹೇಳಿದೀನಿ!”

ಒಬ್ಬರೂ ತಪ್ಪಲಿಲ್ಲ. ಬೆಟ್ಟ ದಾಟಿ ಆಸ್ಪತ್ರೆಗೆ ಹೋಗಲು ಗಾಡಿಯಿಲ್ಲದವರು, ಮಾತ್ರೆಯನ್ನು ಅರ್ಧ ಮಾಡಿ ನುಂಗುವವರು, ಎಲ್ಲರೂ ಒಂದೇ ಬಾಯಿಂದ ಅದನ್ನೇ ಅಂದರು. ಜಗಳವಾಡದೆ ಈ ಊರು ಒಗ್ಗಟ್ಟಾಗಿ ಮಾಡಿದ ಕೆಲಸ ಬಹುಶಃ ಅದೊಂದೇ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಚಿಕ್ಕಮ್ಮನನ್ನು ಕೇಂದ್ರಕ್ಕೆ ಕರೆದೊಯ್ದೆ. ಕೊರಿನ್ ಕಣ್ಣು ಊದಿಕೊಂಡಿತ್ತು.

“ನಾನು ಬೇಸಿಗೆಗೆ ಹೊರಡ್ಬೇಕಾಗುತ್ತೆ ಚಿಕ್ಕಮ್ಮ,” ಎಂದಳು. ಅವಳೂ ಹಾಗೆಯೇ ಕರೆಯುತ್ತಿದ್ದಳು. “ಪಾಲಿ ಹಳ್ಳ ಈಗ ಚಿಕಿತ್ಸೆಗೆ ಕೊರತೆ ಇರೋ ಊರಲ್ವಂತೆ. ಇಲ್ಲಿದ್ರೆ ಇನ್ಮೇಲೆ ಸಾಲಕ್ಕೆ ಒಂದು ಬಿಡಿಗಾಸೂ ಕೊಡಲ್ವಂತೆ. ಇಲ್ಲಿನ ಸಂಬಳದಲ್ಲಿ ನಾನದನ್ನ ಹೇಗೆ ತೀರಿಸ್ಲಿ?”

“ಕೊರತೆ ಇಲ್ಲ ಅಂತ ಯಾವನೇ ಅಂದಿದ್ದು?” ಎಂದು ಚಿಕ್ಕಮ್ಮ ಸಿಡಿದಳು.

“ನೀವೇ ಎಲ್ರೂ ಅಂದ್ರಂತೆ. ಫೋನಲ್ಲಿ.”

ಚಿಕ್ಕಮ್ಮನ ಪಾದ ಕೊರಿನ್ ತೊಡೆಯ ಮೇಲೆಯೇ ಇತ್ತು. ಅದನ್ನು ಎಳೆದುಕೊಳ್ಳಲು ನೋಡಿದಳು, ಕೊರಿನ್ ಬಿಡಲಿಲ್ಲ.

“ನಾನೇ ಕಣೆ ಹಾಗೆ ಹೇಳಿಸಿದ್ದು,” ಎಂದಳು ಚಿಕ್ಕಮ್ಮ. “ನಿನಗೆ ಕೆಟ್ಟ ಹೆಸರು ಬರುತ್ತೆ ಅಂದ್ಕೊಂಡೆ.”

ಕೊರಿನ್ ಮೊದಲು ನಕ್ಕಳು. ಆಮೇಲೆ ಪಟ್ಟಿಯ ತುದಿಯಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಚಿಕ್ಕಮ್ಮನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ನಾವು ಕಚೇರಿಗೆ ಫೋನ್ ಮಾಡಿದೆವು, ಪಾದ್ರಿಯಿಂದಲೂ ಮಾಡಿಸಿದೆವು. ಈ ಸಲದ ಸಮೀಕ್ಷೆ ಮುಗಿದಿದೆ, ಮುಂದಿನ ಸುತ್ತಿಗೆ ಕಾಯಿರಿ ಎಂದರು. ಕೊರಿನ್ ಹೊರಟ ದಿನ ಚಿಕ್ಕಮ್ಮ ಒಣಸೇಬು ತುಂಬಿದ ಪದರ ಪದರದ ಕೇಕು ಮಾಡಿ ಕಾರಿನಲ್ಲಿಟ್ಟಳು. ಪರದೆಗಳನ್ನು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಆಮೇಲೆ ಕೇಂದ್ರಕ್ಕೆ ಬೇರೆ ನರ್ಸು ಬರಲಿಲ್ಲ, ಹುಣ್ಣು ಕೆಟ್ಟಿತು. ನಾನು ಎರಡು ವಾರಕ್ಕೊಮ್ಮೆ ಬೆಟ್ಟದಾಚೆಗೆ ಕರೆದೊಯ್ಯುತ್ತಿದ್ದೆ, ಅದು ಸಾಲಲಿಲ್ಲ. ಮೊದಲು ಬೆರಳುಗಳು ಹೋದವು, ನಂತರ ಪಾದವೇ ಹೋಯಿತು. ನೋಡಲು ಬಂದವರಿಗೆಲ್ಲ ಅವಳು ‘ದೂರೋವಂಥದ್ದೇನಿಲ್ಲ’ ಎಂದೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮುಂದಿನ ಸುತ್ತಿನ ಫೋನ್ ಬಂದಾಗ ನಾನು ಅವಳ ಅಡುಗೆಮನೆಯಲ್ಲೇ ಇದ್ದೆ. ಚಿಕಿತ್ಸೆ ಸಿಗುತ್ತಿದೆಯೇ ಎಂದು ಆ ಕಡೆಯ ಹುಡುಗಿ ಕೇಳಿದಳು. ಚಿಕ್ಕಮ್ಮ ಪಾದವಿಲ್ಲದ ಕಾಲನ್ನು ನೋಡಿಕೊಂಡಳು.

“ಇಲ್ಲ ಮಗಳೆ,” ಎಂದಳು ಕೊನೆಗೆ. “ಸಿಗ್ತಿಲ್ಲ. ನಮಗಿಲ್ಲಿ ಏನೂ ಇಲ್ಲ.” ಜೀವನದಲ್ಲಿ ಮೊದಲ ಸಲ ಹೊರಗಿನವರ ಕಿವಿಗೆ ಬೀಳುವಂತೆ ಅತ್ತಳು.

ಈಗ ಪಾಲಿ ಹಳ್ಳ ಮತ್ತೆ ಕೊರತೆಯ ಊರು. ಇಲ್ಲಿಗೆ ಬರುವ ನರ್ಸಿನ ಸಾಲವನ್ನು ಸರ್ಕಾರ ತೀರಿಸುತ್ತದೆ. ಚಿಕ್ಕಮ್ಮ ತಾನೇ ಕೊರಿನ್‌ಗೆ ಫೋನ್ ಮಾಡಿ ಅದನ್ನು ಹೇಳಿದಳು. ಕೊರಿನ್ ತಾನು ಹೋದ ಊರಲ್ಲೇ ಒಂದು ಮನೆ ಕೊಂಡಿದ್ದಾಳಂತೆ.

“ಹೇಗಿದೆ ಚಿಕ್ಕಮ್ಮ, ನಿಮ್ಮ ಪಾದ?” ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು.

“ಚೆನ್ನಾಗಿದೆ ಕಣೆ,” ಎಂದಳು ಚಿಕ್ಕಮ್ಮ.